ಟೆರೇಸಿನಲ್ಲೊಂದು ಸಂಸಾರ

ಪೇಟೆಯ ಮನೆಯ ಟೆರೇಸಿನಲ್ಲಿ ಜೇನುಪೆಟ್ಟಿಗೆ ಇಡುತ್ತೇನೆ ಎಂದಾಗ 'ಕಚ್ಚುವುದಿಲ್ವಾ?' ಎಂದು ಕೇಳಿದವರು ಕಡಿಮೆ. ಕಾಸರಗೋಡಿನವರು ಲೆಕ್ಕಾಚಾರದ ಜನ. 'ಕಿಲೋಗೆ ಎಷ್ಟು?' ಎಂದೇ ಶುರು ಮಾಡಿದರು. ಪೆಟ್ಟಿಗೆ ಇನ್ನೂ ಬಂದೇ ಇರಲಿಲ್ಲ.

ಬಂದದ್ದು ರಾತ್ರಿ. ಪೆಟ್ಟಿಗೆಯಲ್ಲಿ ಸಾಕುವ ತುಡುವೆ ಜೇನನ್ನು ಸಾಗಿಸುವುದೇ ಕತ್ತಲಾದ ಮೇಲೆ, ಹೊರಗೆ ಹೋದ ಹುಳಗಳೆಲ್ಲ ಮನೆ ಸೇರಿದ ನಂತರ. ಪೆಟ್ಟಿಗೆಯ ಬಾಗಿಲಿಗೆ ಬಲೆ ಬಡಿದು ಬದಿಯಡ್ಕದಿಂದ ಆಟೋದಲ್ಲಿ ತಂದೆ. ಮಡಿಲಲ್ಲಿ ಪೆಟ್ಟಿಗೆ, ಒಳಗಿಂದ ಒಂದೇ ಸಮನೆ ಗುಂಯ್ ಶಬ್ದ. ಡ್ರೈವರಿಗೆ ಮೊದಲು ತನ್ನ ಇಂಜಿನಿನ ಮೇಲೆಯೇ ಸಂಶಯ ಬಂತು. ಬದಿಗೆ ನಿಲ್ಲಿಸಿ ಆಫ್ ಮಾಡಿದ. ಗುಂಯ್ ನಿಲ್ಲಲಿಲ್ಲ. ಮೆಲ್ಲ ತಿರುಗಿ ನನ್ನ ಮಡಿಲು ನೋಡಿದ. ಅಲ್ಲಿಂದ ಮನೆವರೆಗೆ ಒಂದೇ ಒಂದು ಹೊಂಡಕ್ಕೂ ಗಾಡಿ ಇಳಿಸಲಿಲ್ಲ. ನಮ್ಮ ರಸ್ತೆಯಲ್ಲಿ ಅದು ಸಣ್ಣ ವಿದ್ಯೆ ಅಲ್ಲ.

ಜೇನಿಗೆ ಇರುವೆ ಕಾಟ ಜಾಸ್ತಿ. ಸ್ಟ್ಯಾಂಡಿನ ಪ್ರತಿ ಕಾಲಿನಡಿಗೂ ನೀರಿನ ಬಟ್ಟಲು ಇಡಬೇಕು. ಇಟ್ಟೆ. ಕೆಲವೇ ದಿನಕ್ಕೆ ಡೆಂಗ್ಯೂ ತಪಾಸಣೆಗೆ ಆಶಾ ಕಾರ್ಯಕರ್ತೆ ಬಂದರು. ಅವರು ತೆಂಗಿನ ಚಿಪ್ಪಿನಲ್ಲಿ ನಿಂತ ನೀರನ್ನೂ ಬಿಡುವವರಲ್ಲ. ಬಟ್ಟಲಿಗೆ ಬಗ್ಗಿ, ಪೆನ್ನಿನ ತುದಿಯಿಂದ ತೋರಿಸಿದರು. ಸಣ್ಣ ಸಣ್ಣ ಮರಿಗಳು ಕೊಂಕುತ್ತಾ ಈಜುತ್ತಿದ್ದವು.

'ಇದೆಂತ, ಸೊಳ್ಳೆ ಸಾಕ್ತಿದ್ದೀರಾ?'

'ಅಲ್ಲಕ್ಕ, ಜೇನು.'

'ಜೇನು ಮೇಲೆ. ಕೆಳಗಿನ ಮಾಳಿಗೆಯಲ್ಲಿ ಸೊಳ್ಳೆ.'

ಕೊನೆಗೆ ವರ್ಕ್‌ಶಾಪಿನಿಂದ ಕರಿ ಆಯಿಲ್ ತಂದು ಬಟ್ಟಲು ತುಂಬಿಸಿದೆ. ಇರುವೆಯೂ ಇಲ್ಲ, ಸೊಳ್ಳೆಯೂ ಇಲ್ಲ. ಟೆರೇಸಿನಿಂದ ಅಡುಗೆಮನೆವರೆಗೆ ನನ್ನ ಕಪ್ಪು ಹೆಜ್ಜೆಗಳು ಮಾತ್ರ. ಅದನ್ನು ನೋಡಿ ಹೆಂಡತಿ ಹೇಳಿದ್ದನ್ನು ಇಲ್ಲಿ ಬರೆಯುವಂತಿಲ್ಲ.

ಆಟಿ ತಿಂಗಳ ಜಡಿಮಳೆ ಬಂತು. ಆ ಮಳೆಗೆ ಹೂವಾದರೂ ಎಲ್ಲಿಂದ? ಹುಳ ಉಪವಾಸ ಬೀಳಬಾರದೆಂದು ಸಕ್ಕರೆ ನೀರು ಮಾಡಿ ಇಡುತ್ತಾರೆ. ಎಲ್ಲ ಜೇನು ಸಾಕುವವರೂ ಮಾಡುವ ಕೆಲಸ. ಆದರೆ ಚೀಲಗಟ್ಟಲೆ ಸಕ್ಕರೆ ಹೊತ್ತು ಟೆರೇಸು ಹತ್ತುವ ಮನುಷ್ಯನ ಜೇನನ್ನು ಯಾರು ನಂಬುತ್ತಾರೆ? 'ಮೇಲೆ ಫ್ಯಾಕ್ಟರಿ ಉಂಟು' ಎಂದು ಓಣಿಯಲ್ಲಿ ಸುದ್ದಿಯಾಯಿತು. ಇದು ಅವುಗಳ ಊಟ, ಹೂವಿನ ಕಾಲ ಬರುವ ಮೊದಲೇ ನಿಲ್ಲಿಸುತ್ತೇವೆ ಎಂದು ವಿವರಿಸಿದೆ. ಎಲ್ಲರೂ ತಲೆಯಾಡಿಸಿದರು. ತಲೆಯಾಡಿಸಿದ ರೀತಿ ಸರಿ ಇರಲಿಲ್ಲ.

ಮಳೆ ಬಿಟ್ಟು ಬಿಸಿಲು ಕಂಡ ದಿನ ಇನ್ನೊಂದು ಕಥೆ. ಆಚೆಮನೆಯ ಮಾಷ್ಟ್ರು ರಿಟೈರ್ ಆದ ಮೇಲೂ ಬಿಳಿ ಮುಂಡು, ಅಂದರೆ ಪಂಚೆ, ಬಿಟ್ಟವರಲ್ಲ. ಒಣಹಾಕಿದ ಮುಂಡಿನ ತುಂಬ ಹಳದಿ ಚುಕ್ಕೆ. ಮೊದಲು ಸೋಪಿನ ಪುಡಿಯನ್ನು ಬೈದರು. ಮತ್ತೆ ಅಡುಗೆಮನೆಯ ಅರಸಿನವನ್ನು. ಚುಕ್ಕೆಗಳು ಮಾತ್ರ ಬಿಸಿಲು ಬಂದ ದಿನವೇ ಬೀಳುತ್ತಿದ್ದವು. ಒಂದು ದಿನ ಹಣೆಗೆ ಕೈ ಅಡ್ಡ ಹಿಡಿದು ನಮ್ಮ ಟೆರೇಸಿನ ಕಡೆ ನೋಡಿದರು.

'ಅವು ಗೂಡಿನೊಳಗೆ ಗಲೀಜು ಮಾಡುವುದಿಲ್ಲ ಮಾಷ್ಟ್ರೇ. ಮಳೆಗೆ ತಡೆದುಕೊಂಡು, ಬಿಸಿಲು ಬಂದ ಕೂಡಲೇ ಹೊರಗೆ ಹಾರಿ ಮಾಡ್ತವೆ. ಅಷ್ಟು ಶುಚಿ.'

'ಹೌದೌದು. ನನ್ನ ಮುಂಡಿನ ಮೇಲೆ ಮಾಡುವಷ್ಟು ಶುಚಿ.'

ಮಾರ್ಚಿಗೆ ಜೇನು ಸಿಕ್ಕಿತು. ಪೆಟ್ಟಿಗೆಯ ಕೆಳಗಿನದು ಸಂಸಾರ ಕೋಣೆ, ರಾಣಿ ಮೊಟ್ಟೆ ಇಡುವ ಜಾಗ. ಅದಕ್ಕೆ ಕೈ ಹಾಕಬಾರದು. ಮೇಲಿನ ಜೇನು ಕೋಣೆಯಿಂದ, ಅದೂ ಹುಳಗಳು ಮೇಣದ ಮುಚ್ಚಳ ಹಾಕಿದ ಎರಿಗಳನ್ನೇ (ಜೇನುತಟ್ಟುಗಳನ್ನೇ) ತೆಗೆದು ಯಂತ್ರದಲ್ಲಿ ತಿರುಗಿಸಬೇಕು. ಮುಚ್ಚದ ಎರಿಯ ಜೇನಿನಲ್ಲಿ ನೀರಿನ ಅಂಶ ಜಾಸ್ತಿ, ಬೇಗ ಹುಳಿ ಬರುತ್ತದೆ. ಕೇರಳದ ಜೇನಿನ ಬಹುಪಾಲು ರಬ್ಬರಿನ ಚಿಗುರೆಲೆಯ ರಸದ್ದು. ನಮ್ಮ ಪೇಟೆ ಹುಳಗಳಿಗೆ ತೆಂಗು, ನುಗ್ಗೆ ಮತ್ತು ಯಾರದೋ ಹೂಕುಂಡವೇ ಗತಿ. ಕರಾವಳಿಯ ತೇವದ ಗಾಳಿಗೆ ಜೇನು ಸ್ವಲ್ಪ ತೆಳುವೇ ಇತ್ತು.

ತೆಳುವಾದದ್ದೇ ತಡ, ಓಣಿಯೆಲ್ಲ ಲ್ಯಾಬ್ ಆಯಿತು. ಒಬ್ಬರು ಲೋಟದ ನೀರಿಗೆ ಬಿಟ್ಟರು. 'ಒರಿಜಿನಲ್ ಆಣೋ?' ಎನ್ನುತ್ತ ಇನ್ನೊಬ್ಬರು ಬೆಂಕಿಕಡ್ಡಿ ಅದ್ದಿ ಗೀರಿದರು. ಸಕ್ಕರೆ ಪಾಕವನ್ನು ಗಟ್ಟಿಯಾಗಿ ಕಾಯಿಸಿದರೆ ಅದೂ ಈ ಪರೀಕ್ಷೆಗಳಲ್ಲಿ ಪಾಸಾಗುತ್ತದೆ ಎಂದು ಹೇಳಬೇಕೆನಿಸಿತು. ಫ್ಯಾಕ್ಟರಿ ಸುದ್ದಿ ನೆನಪಾಗಿ ಸುಮ್ನಾದೆ.

ಮಾಷ್ಟ್ರದು ನಾಯಿ ಪರೀಕ್ಷೆ. ಅಸಲಿ ಜೇನನ್ನು ನಾಯಿ ಮೂಸುವುದೂ ಇಲ್ಲವಂತೆ. ತಟ್ಟೆಗೆ ಒಂದು ಚಮಚ ಹಾಕಿ ಇಟ್ಟರು. ಅವರ ನಾಯಿ ತಟ್ಟೆ ನೆಕ್ಕಿತು, ಚಮಚ ನೆಕ್ಕಿತು, ಬಾಲ ಅಲ್ಲಾಡಿಸಿ ನನ್ನ ಮುಖ ನೋಡಿತು.

'ನಕಲಿ,' ಎಂದರು ಮಾಷ್ಟ್ರು. 'ಆದ್ರೂ ಬಾಟ್ಲಿ ಇಲ್ಲೇ ಇರಲಿ. ಮುಂಡಿನ ಬಾಬ್ತಿಗೆ ಆಯಿತು.'

ಮರುವಾರ ಅವರ ಮನೆಯ ಅಕ್ಕ ಕಂಪೌಂಡಿನ ಆಚೆಯಿಂದ ಇನ್ನೊಂದು ಬಾಟ್ಲಿ ಕೇಳಿದರು. ನಾಯಿಗಂತೆ.