ಅಂಟಿಸಿದ್ದಂತೆ, ಅದಕ್ಕೇ ಚಿತ್ರವಲ್ಲವಂತೆ

ನಿನ್ನೆ ಸಂಜೆ ದಾವಣಗೆರೆಯಲ್ಲಿ ಒಂದು ಚಿತ್ರಪ್ರದರ್ಶನಕ್ಕೆ ಹೋಗಿದ್ದೆ. ಬಂದ ಸಿಟ್ಟು ಇನ್ನೂ ಇಳಿದಿಲ್ಲ. ಬರಹ ಉದ್ದ ಆದೀತು, ಸಮಾಧಾನವಾಗಿ ಓದಿ.

ಚಿತ್ರದುರ್ಗದ ಕಡೆಯ ಹುಡುಗಿ, ಕೊಲಾಜ್ ಮಾಡ್ತಾಳೆ, ಅಂದರೆ ಕಾಗದದ ಚೂರು ಅಂಟಿಸಿ ಮಾಡೋ ಚಿತ್ರ. ಹೆಸರು ಬೇಡ ಅಂದಿದಾಳೆ, ಹಾಕಲ್ಲ. ಅವಳು ಹಿಡಿದಿರೋದು ನಮ್ಮ ಬಯಲುಸೀಮೆಯನ್ನ. ಬಂಡೆ, ಒಣಹುಲ್ಲು, ಕೆರೆಯಂಗಳ, ಗುಡ್ಡದ ನೆತ್ತಿ ಮೇಲೆ ಸಾಲಾಗಿ ನಿಂತ ಗಾಳಿಯಂತ್ರ. ನಾನು ನೋಡ್ತಾ ನಿಂತಿದ್ದಾಗ ಹಿರಿಯರೊಬ್ಬರು ಬಂದರು. ಕಲೆಯ ವಿಷಯ ಅಂದರೆ ಊರಲ್ಲಿ ನಾಲ್ಕು ಜನ ಅವರ ಮಾತು ಕೇಳ್ತಾರೆ. "ಚೆನ್ನಾಗಿದೆ ಕಣಮ್ಮ. ಆದರೆ ಇದು ಅಂಟಿಸಿದ್ದಲ್ವಾ? ಪೇಂಟಿಂಗ್ ಯಾವಾಗ ಶುರು ಮಾಡ್ತೀಯ?" ಅಂದರು. "ಇದೇ ನನ್ನ ಕೆಲಸ ಸರ್" ಅಂದಳು. ತಲೆಯಾಡಿಸಿ ಮುಂದೆ ಹೋದರು. ಆಮೇಲೆ ಗೊತ್ತಾಯಿತು, ಒಂದು ಸ್ಪರ್ಧೆಯ ಪ್ರಕೃತಿಚಿತ್ರ ವಿಭಾಗಕ್ಕೆ ಕಳಿಸಿದ್ದ ಕೃತಿಯನ್ನೂ ಇದೇ ಮಾತು ಹೇಳಿ ವಾಪಸ್ ಕಳಿಸಿದ್ದಾರೆ. ಅಂಟಿಸಿದ್ದು, ಚಿತ್ರವಲ್ಲ.

ನಾನು ಬೈಂಡಿಂಗ್ ಅಂಗಡಿಯವರ ಮಗ ಅನ್ನೋದು ನಿಮಗೆಲ್ಲ ಗೊತ್ತು. ಚಿತ್ರದ ಬಗ್ಗೆ ಮಾತಾಡೋಕೆ ನನಗೆ ಓದಿಲ್ಲ, ಆದರೆ ಕಾಗದದ ಬಗ್ಗೆ ಮಾತಾಡಬಲ್ಲೆ. ಮಿಲ್ಲಿನ ಕಾಗದದಲ್ಲಿ ನಾರು ಒಂದೇ ದಿಕ್ಕಿಗೆ ಓಡಿರುತ್ತೆ. ಆ ದಿಕ್ಕಿಗೆ ಹರಿದರೆ ನೆಟ್ಟಗೆ ಸೀಳುತ್ತೆ, ಅಡ್ಡ ಹರಿದರೆ ಅಂಕುಡೊಂಕಾಗುತ್ತೆ. ಈ ಹುಡುಗಿ ದಿಗಂತದ ಗೆರೆಯನ್ನೆಲ್ಲ ನಾರಿನ ಜೊತೆ ಹರಿದಿದಾಳೆ, ದುರ್ಗದ ಬಂಡೆಗಳ ಅಂಚನ್ನೆಲ್ಲ ನಾರಿಗೆ ಅಡ್ಡ. ಮುದ್ರಣ ಆಗಿರೋ ಕಾಗದ ಹರಿಯುವಾಗ ಎಳೆಯೋ ಕೈ ಯಾವ ಕಡೆಗೆ ಅನ್ನೋದರ ಮೇಲೆ ಅಂಚಲ್ಲಿ ಒಂದು ಬಿಳಿ ಪಟ್ಟಿ ಉಳಿಯುತ್ತೆ, ಇಲ್ಲ ಮರೆಯಾಗುತ್ತೆ. ಬಂಡೆಗಳ ಪೂರ್ವದ ಕಡೆಗೆ ಮಾತ್ರ ಆ ಬಿಳಿ ಪಟ್ಟಿ ಉಳಿಸಿದಾಳೆ. ಬೆಳಗಿನ ಬಿಸಿಲು ಅದು. ಎಲ್ಲೂ ಕುಂಚ ಮುಟ್ಟಿಸಿಲ್ಲ.

ಒಣಹುಲ್ಲಿನ ಬಣ್ಣವನ್ನಂತೂ ಬೇಸಿಗೆಯ ಹತ್ತಿರವೇ ಮಾಡಿಸಿಕೊಂಡಿದಾಳೆ. ದಿನಪತ್ರಿಕೆ ಕಾಗದದಲ್ಲಿ ಲಿಗ್ನಿನ್ ಇರುತ್ತೆ, ಮರದಿಂದ ಬಂದದ್ದು. ಬಿಸಿಲಿಗೆ ಹಳದಿ ತಿರುಗುತ್ತೆ. ಪತ್ರಿಕೆಗಳನ್ನು ತಾರಸಿ ಮೇಲೆ ಕಲ್ಲು ಹೇರಿಟ್ಟು, ಬೇರೆ ಬೇರೆ ಹೊತ್ತಿಗೆ ಎತ್ತಿಕೊಂಡಿದಾಳೆ. ಚಳ್ಳಕೆರೆಯ ಕಾವಲಿನ ಹುಲ್ಲು ಒಣಗಿದ್ದು ಯಾವ ಬಿಸಿಲಿಗೋ, ಆ ಕಾಗದ ಮಾಗಿದ್ದೂ ಅದೇ ಬಿಸಿಲಿಗೆ. ಇದು ಪ್ರಕೃತಿಚಿತ್ರ ಅಲ್ಲ ಅಂದರೆ ಯಾವುದು ಸ್ವಾಮಿ ಪ್ರಕೃತಿಚಿತ್ರ? ಜಲಪಾತ, ತೆಂಗಿನಮರ, ಹಸಿರು ಕಣಿವೆ ಇದ್ದರೆ ಮಾತ್ರವೇ? ನಮ್ಮ ನೆಲ ಹಾಗಿಲ್ಲ.

ವಾಣಿ ವಿಲಾಸ ಸಾಗರದ ಕೃತಿಯ ಮುಂದೆ ನಾನು ತುಂಬಾ ಹೊತ್ತು ನಿಂತೆ. 1907ರಲ್ಲಿ ಮುಗಿದ ಅಣೆಕಟ್ಟು. 1933ರಲ್ಲಿ ಕೋಡಿ ಬಿದ್ದದ್ದು ಬಿಟ್ಟರೆ ಮತ್ತೆ ಬಿದ್ದದ್ದು 2022ರಲ್ಲಿ. ಅದರ ನೀರು ಯಾವ ಕಾಗದ ಗೊತ್ತಾ? ಬ್ಯಾಂಕಿನಿಂದ ಬರೋ ಲಕೋಟೆಗಳ ಒಳಮೈ. ಒಳಗಿನ ಅಕ್ಷರ ಹೊರಗೆ ಕಾಣದಿರಲಿ ಅಂತ ನೀಲಿ ಗೀರು ಗೀರಾಗಿ ಮುದ್ರಿಸಿರ್ತಾರಲ್ಲ, ಅದು. ನೀರಿಲ್ಲದ ವರ್ಷಗಳಲ್ಲಿ ಅವರ ಮನೆಗೆ ಬಂದ ಸಾಲದ ನೋಟಿಸುಗಳ ಲಕೋಟೆಯಂತೆ, ಅವಳ ಅಜ್ಜಿ ಒಂದೂ ಬಿಸಾಡಿರಲಿಲ್ಲವಂತೆ. ಯಾವ ಟ್ಯೂಬಿನಲ್ಲಿ ಸಿಗುತ್ತೆ ಆ ನೀಲಿ?

ಬಾಳಿಕೆ ಬರಲ್ಲ, ಕಾಗದ ಪುಡಿಯಾಗುತ್ತೆ, ಹುಳ ತಿನ್ನುತ್ತೆ ಅಂತ ಅಲ್ಲೇ ಒಬ್ಬರು ವಾದ ಮಾಡಿದರು. ಪತ್ರಿಕೆ ಕಾಗದ ದುರ್ಬಲ, ನಿಜ. ಅದನ್ನು ಬಿಸಿಲು ತಾಗದ ಗೋಡೆಗೆ ಹಾಕಬೇಕು, ಅಷ್ಟೇ. ಮೇರಿ ಡೆಲಾನಿ ಅನ್ನೋ ಇಂಗ್ಲೆಂಡಿನ ಹೆಣ್ಣುಮಗಳು ತನ್ನ 72ನೇ ವಯಸ್ಸಿನಲ್ಲಿ ಕತ್ತರಿ ಹಿಡಿದು, ಬಣ್ಣದ ಕಾಗದದ ಚೂರುಗಳನ್ನು ಕಪ್ಪು ಹಾಳೆ ಮೇಲೆ ಅಂಟಿಸಿ ಹೂಗಿಡಗಳನ್ನು ಮಾಡಿದಳು. ಅವಳು ತೀರಿಕೊಂಡದ್ದು 1788ರಲ್ಲಿ. ಆ ಸುಮಾರು ಸಾವಿರ ಹಾಳೆ ಬ್ರಿಟಿಷ್ ಮ್ಯೂಸಿಯಂನಲ್ಲಿ ಇವತ್ತಿಗೂ ಇವೆ. ಶಾಂತಿನಿಕೇತನದ ಬಿನೋದ್ ಬಿಹಾರಿ ಮುಖರ್ಜಿ ಕಣ್ಣು ಪೂರ್ತಿ ಹೋದ ಮೇಲೆ ಕಾಗದ ಕತ್ತರಿಸಿ ಅಂಟಿಸಿಯೇ ಚಿತ್ರ ಮಾಡಿದರು. ಅವರಿಗೆ ಹೋಗಿ ಹೇಳ್ತಿದ್ದರಾ, ಇದು ಅಂಟಿಸಿದ್ದು, ಚಿತ್ರವಲ್ಲ ಅಂತ? ಪಿಕಾಸೊ 1912ರಲ್ಲೇ ಕ್ಯಾನ್ವಾಸಿಗೆ ಮುದ್ರಿತ ಎಣ್ಣೆಬಟ್ಟೆ ಅಂಟಿಸಿದ. ನೂರು ವರ್ಷ ದಾಟಿತು, ನಾವಿನ್ನೂ ಹೊಸ್ತಿಲಲ್ಲೇ ನಿಂತು ಒಳಗೆ ಬಿಡಬೇಕಾ ಬೇಡವಾ ಅಂತ ಕೇಳ್ತಿದ್ದೀವಿ.

ಹುಳದ ಮಾತು ಬಂತಲ್ಲ. ಅವಳು ಅಂಟು ತಾನೇ ಕಾಯಿಸ್ತಾಳೆ. ಮೈದಾ, ನೀರು, ಚಿಟಿಕೆ ಮೈಲುತುತ್ತ. ಚನ್ನಗಿರಿ ಕಡೆ ಅಡಿಕೆ ಕೊಳೆರೋಗಕ್ಕೆ ಸುಣ್ಣದ ಜೊತೆ ಬೆರೆಸಿ ಹೊಡೆಯೋ ಅದೇ ಮೈಲುತುತ್ತ. ನಮ್ಮಪ್ಪನೂ ಹಾಗೇ ಕಾಯಿಸ್ತಿದ್ದರು, ಲೆಕ್ಕದ ಪುಸ್ತಕಗಳಿಗೆ. ಅವಳ ಚೀಲದಲ್ಲಿ ಆ ಅಂಟಿನ ಡಬ್ಬಿ ಇತ್ತು. ಮುಚ್ಚಳ ತೆಗೆದಳು, ಹಳೇ ಅಂಗಡಿಯ ವಾಸನೆ ಬಂತು, ಕಣ್ಣು ತುಂಬಿಬಿಟ್ಟವು. ಅಂಗಡಿ ಮುಚ್ಚಿದ ದಿನವೂ ನಾನು ಅತ್ತಿರಲಿಲ್ಲ.

ಸ್ಪರ್ಧೆ ನಡೆಸೋರಿಗೆ ನನ್ನದು ನೇರ ಮಾತು. ಪ್ರಕೃತಿಚಿತ್ರ ಅಂತ ವಿಭಾಗ ಇಟ್ಟ ಮೇಲೆ ಬಣ್ಣದಲ್ಲಿ ಮಾಡಿದ್ದಾ, ಕಾಗದದಲ್ಲಿ ಮಾಡಿದ್ದಾ ಅಂತ ಕೇಳಬೇಡಿ. ನೆಲ ಕಾಣ್ತಾ ಇದೆಯಾ ನೋಡಿ. ಆ ಹುಡುಗಿಯ ಕೃತಿಯನ್ನು ತರಿಸಿಕೊಂಡು ಇನ್ನೊಂದು ಸಲ ನೋಡಿ.

ಪ್ರದರ್ಶನ ಭಾನುವಾರದವರೆಗೆ ಇದೆ, ವಿಳಾಸ ಬೇಕಾದವರು ಇನ್‌ಬಾಕ್ಸಿಗೆ ಬನ್ನಿ. ಹೋಗುವಾಗ ಮನೆಯಲ್ಲಿ ಹಳೇ ಲಕೋಟೆ, ಲಗ್ನಪತ್ರಿಕೆ, ಸಿಮೆಂಟ್ ಚೀಲದ ಕಾಗದ ಇದ್ದರೆ ರದ್ದಿಗೆ ಹಾಕದೆ ತಗೊಂಡು ಹೋಗಿ, ಅವಳಿಗೆ ಬೇಕು. ಪುಸ್ತಕದ ರಟ್ಟಿಗೆ ಹಾಕ್ತಿದ್ದ ಮಾರ್ಬಲ್ ಪೇಪರ್ ನಮ್ಮ ಅಟ್ಟದ ಮೇಲೆ ಇನ್ನೂ ಒಂದು ಕಟ್ಟು ಇದೆ. ಮೊಳಕಾಲ್ಮೂರಿನ ಬಂಡೆಗೆ ಆಗುತ್ತೆ ಅಂದಿದಾಳೆ. ನಾಳೆ ಕೊಟ್ಟು ಬರ್ತೀನಿ.