ಹಕ್ಕಿ ಕಾದವರಿಗೇ ಪಾಠ ಹೇಳಬೇಡಿ

ಈಗಷ್ಟೇ ಒಂದು ಕಾರ್ಯಕ್ರಮದ ವಿಡಿಯೋ ನೋಡಿದೆ. ಅಳಿವಿನ ಅಂಚಿನಲ್ಲಿರುವ ಹಕ್ಕಿಗಳ ಬಗ್ಗೆ. ವೇದಿಕೆ ಮೇಲಿದ್ದವರೆಲ್ಲ ಒಬ್ಬರಾದ ಮೇಲೊಬ್ಬರು ಹೇಳಿದ್ದು ಒಂದೇ ಮಾತು: "ಹಳ್ಳಿ ಜನರಲ್ಲಿ ಜಾಗೃತಿ ಮೂಡಿಸಬೇಕು." ಕೆಳಗೆ ಕೂತಿದ್ದ ಹಳ್ಳಿಯವರ ಕೈಗೆ ಮೈಕು ಬರಲೇ ಇಲ್ಲ. ಹಕ್ಕಿ ವಿಷಯ ಬಂದರೆ ನಾನು ಸುಮ್ನಿರುವುದಿಲ್ಲ ಅಂತ ನಿಮಗೆ ಗೊತ್ತೇ ಇದೆ. ಉದ್ದವಾದರೂ ಓದಿ.

ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನವರಿಗೆ ಯಾವ ಜಾಗೃತಿ ಬೇಕು ಹೇಳಿ? ಅಲ್ಲಿ ಹೆಜ್ಜಾರ್ಲೆ (ಪೆಲಿಕನ್), ಬಣ್ಣದ ಕೊಕ್ಕರೆಗಳು ಗೂಡು ಕಟ್ಟುವುದು ಕಾಡಿನಲ್ಲಲ್ಲ, ಮನೆಗಳ ನಡುವಿನ ಮರಗಳಲ್ಲಿ. 2007ರಲ್ಲಿ ಸರ್ಕಾರ ಅದನ್ನು ಸಮುದಾಯ ಮೀಸಲು ಪ್ರದೇಶ, ಅಂದರೆ ಊರವರೂ ಸೇರಿ ನೋಡಿಕೊಳ್ಳುವ ರಕ್ಷಿತ ಜಾಗ, ಎಂದು ಘೋಷಿಸಿತು. ಅದಕ್ಕೆ ಎಷ್ಟೋ ಮೊದಲಿನಿಂದ ಊರವರು ಈ ಹಕ್ಕಿಗಳನ್ನು ಮನೆಮಕ್ಕಳಂತೆ ಕಂಡಿದ್ದಾರೆ.

ಕಾಯುವುದು ಎಂದರೆ ಬರೀ ಪ್ರೀತಿಯಲ್ಲ. ಹುಣಸೆ ಹಣ್ಣು ಇಳಿಸುವ ಹೊತ್ತಿಗೇ ಮರದಲ್ಲಿ ಮರಿಗಳಿರುತ್ತವೆ. ಮರ ಹತ್ತುವಂತಿಲ್ಲ, ಕೊಂಬೆ ಬಡಿಯುವಂತಿಲ್ಲ. ಫಸಲು ಕೈತಪ್ಪುತ್ತದೆ. ಅಂಗಳದ ತುಂಬ ಹಿಕ್ಕೆ, ಕೊಳೆತ ಮೀನಿನ ವಾಸನೆ. ಹಿಕ್ಕೆ ಗೊಬ್ಬರವಾಗುತ್ತದೆ, ನಿಜ. ಆದರೆ ಆ ವಾಸನೆಯಲ್ಲಿ ಕೂತು ಉಣ್ಣಬೇಕಾದವರು ಅವರೇ ಅಲ್ವಾ? ಅರಣ್ಯ ಇಲಾಖೆ ಮರದ ಮಾಲೀಕರಿಗೆ ಪರಿಹಾರ ಕೊಡುವ ಪದ್ಧತಿ ಇದೆ. ಕೊಡಲೇಬೇಕು. ಅದನ್ನು ದಾನ ಎಂಬಂತೆ ಮಾತಾಡುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಗೂಡಿನಿಂದ ಬಿದ್ದ ಮರಿಗಳನ್ನು ಎತ್ತಿ ತಂದು, ಮೀನು ತಿನ್ನಿಸಿ, ಹಾರುವಷ್ಟು ದೊಡ್ಡದು ಮಾಡಿದ್ದೂ ಇದೇ ಊರು. ಅದನ್ನು ನೆನೆದರೆ ನನಗೆ ಈಗಲೂ ಕಣ್ಣು ತುಂಬುತ್ತದೆ.

ಅಸ್ಸಾಮಿನ ಹರ್ಗಿಲಾ ಕಥೆ ನೋಡಿ. ಆಳೆತ್ತರದ ಕೊಕ್ಕರೆ, ಸತ್ತ ಪ್ರಾಣಿಗಳನ್ನು ತಿನ್ನುತ್ತದೆ. ಅಪಶಕುನ ಅಂತ ಜನ ಗೂಡಿದ್ದ ಮರವನ್ನೇ ಕಡಿಯುತ್ತಿದ್ದರು. ಜೀವವಿಜ್ಞಾನಿ ಪೂರ್ಣಿಮಾ ದೇವಿ ಬರ್ಮನ್ 2007ರಲ್ಲಿ ಅಲ್ಲಿ ಕೆಲಸ ಶುರುಮಾಡಿದಾಗ ಭಾಷಣ ಸಾಲದು ಎಂದು ಬೇಗ ಕಂಡುಕೊಂಡರು. ಊರಿನ ಹೆಂಗಸರ ಜೊತೆ ಬೆರೆತರು. ಅಡುಗೆ ಸ್ಪರ್ಧೆ ಇಟ್ಟರು. ಗೂಡು ಕಟ್ಟಿದ ಹಕ್ಕಿಗೆ ಸೀಮಂತ ಮಾಡಿಸಿದರು! ಆ ಹೆಂಗಸರೇ ಇವತ್ತು ಹರ್ಗಿಲಾ ಸೇನೆ. ಮಗ್ಗದ ಬಟ್ಟೆಯಲ್ಲಿ ಅದೇ ಹಕ್ಕಿಯ ಚಿತ್ರ ನೇಯ್ದು ನಾಲ್ಕು ಕಾಸೂ ಸಂಪಾದಿಸುತ್ತಾರೆ. ದದರಾ, ಪಚರಿಯಾ, ಸಿಂಗಿಮಾರಿ ಹಳ್ಳಿಗಳಲ್ಲಿ 28 ಇದ್ದ ಗೂಡುಗಳು 200 ದಾಟಿವೆ. 2023ರಲ್ಲಿ ಜೀವಿಗಳ ಅಳಿವಿನ ಅಪಾಯ ಅಳೆಯುವ ಅಂತರರಾಷ್ಟ್ರೀಯ ಸಂಸ್ಥೆ ಐಯುಸಿಎನ್ ಈ ಹಕ್ಕಿಯನ್ನು ಅಳಿವಿನಂಚಿನ ಗುಂಪಿನಿಂದ ಎರಡು ಹಂತ ಕೆಳಗಿನ, ಕಡಿಮೆ ಅಪಾಯದ ಗುಂಪಿಗೆ ಇಳಿಸಿತು. ಮನೆಯಂಗಳದ ಮರ ಕಡಿಯದೇ ಬಿಟ್ಟವರಿಂದ ಆದ ಕೆಲಸ ಇದು.

"ಜನರ ಕೈಗೆ ಬಿಟ್ಟರೆ ಬೇಟೆಯಾಡಿ ಮುಗಿಸುತ್ತಾರೆ" ಎನ್ನುವವರಿದ್ದಾರೆ. ನಾಗಾಲ್ಯಾಂಡಿನ ಉದಾಹರಣೆಯನ್ನೂ ಕೊಡುತ್ತಾರೆ. ಹೌದು, 2012ರಲ್ಲಿ ದೊಯಾಂಗ್ ಜಲಾಶಯದ ಬಳಿ ಬಲೆ ಹಾಕಿ ಅಮೂರ್ ಫಾಲ್ಕನ್ ಎಂಬ ವಲಸೆ ಬರುವ ಪುಟ್ಟ ಗಿಡುಗಗಳನ್ನು ಸಾವಿರಗಟ್ಟಲೆ ಕೊಂದರು. ಆದರೆ ಕಥೆ ಅಲ್ಲಿಗೇ ನಿಲ್ಲಿಸುವುದು ಅನ್ಯಾಯ. ಮರುವರ್ಷವೇ ಆ ಜಲಾಶಯದ ಬಳಿಯ ಪಾಂಗ್ತಿ ಊರಿನವರು ಬೇಟೆ ನಿಲ್ಲಿಸಿದರು. ಊರಿನ ಕೌನ್ಸಿಲ್ಲೇ ನಿಷೇಧ ಹಾಕಿತು. ಬಲೆ ಹಾಕಿದ ಕೈಗಳೇ ಕಾವಲಿಗೆ ನಿಂತವು. ಕಾನೂನು ಬೇಡ ಎಂದು ನಾನು ಹೇಳುತ್ತಿಲ್ಲ. ಹುಲ್ಲುಗಾವಲಿನ ದೊಡ್ಡ ಹಕ್ಕಿ ಗ್ರೇಟ್ ಇಂಡಿಯನ್ ಬಸ್ಟರ್ಡ್ ವಿದ್ಯುತ್ ತಂತಿಗೆ ಬಡಿದು ಸಾಯುತ್ತಿರುವಾಗ ಊರಿನವರಷ್ಟೇ ಸೇರಿ ಏನೂ ಮಾಡಲಾಗದು. ಅದಕ್ಕೆ ಸರ್ಕಾರವೇ ಬೇಕು. ಆದರೆ ಕಾನೂನು ರಾತ್ರಿಯೆಲ್ಲ ಮರದ ಕೆಳಗೆ ಕೂರುವುದಿಲ್ಲ.

ಕಾನೂನಿನ ಮಾತೇ ಬಂದಿತಲ್ಲ, ಅದನ್ನೇ ಓದಿ. ಸಮುದಾಯ ಮೀಸಲು ಪ್ರದೇಶದ ಸಮಿತಿಯಲ್ಲಿ ಗ್ರಾಮ ಪಂಚಾಯಿತಿಯ ಕಡೆಯ ಕನಿಷ್ಠ 5 ಜನ ಇರಬೇಕು ಎಂದು ವನ್ಯಜೀವಿ ಕಾಯ್ದೆಯಲ್ಲೇ ಇದೆ. ಅಂದರೆ ತೀರ್ಮಾನ ಮಾಡುವ ಜಾಗದಲ್ಲಿ ಊರವರು ಕೂರುವುದು ಅವರ ಹಕ್ಕು. ಅವರನ್ನು ಚಪ್ಪಾಳೆ ತಟ್ಟಲು ಮಾತ್ರ ಕರೆಯುವುದು ಯಾವ ನ್ಯಾಯ?

ಮಾತಾಡಬೇಕಾದದ್ದು ಬೇಕಾದಷ್ಟಿದೆ. ಹುಣಸೆ ಬೆಲೆ ಏರಿದ ಹಾಗೆ ಪರಿಹಾರವೂ ಏರಬೇಕು, ಮತ್ತು ವರ್ಷ ವರ್ಷ ತಪ್ಪದೆ ಬರಬೇಕು. ಹಕ್ಕಿ ಮೀನು ಹಿಡಿಯುವ ಕೆರೆಗೆ ಕೊಳಚೆ ಬಿಡುವವರನ್ನು ಹಿಡಿಯಬೇಕು. ಎಲ್ಲಕ್ಕಿಂತ ಜಾಸ್ತಿ ನನ್ನನ್ನು ಕಾಡುವುದು ಮರಗಳು. ಹಳೇ ಮರ ಮುದಿಯಾಗುತ್ತವೆ, ಗಾಳಿಗೆ ಬೀಳುತ್ತವೆ. ಇವತ್ತು ನೆಟ್ಟ ಸಸಿ ಹೆಜ್ಜಾರ್ಲೆಯ ಭಾರ ಹೊರಲು ಎಷ್ಟೋ ವರ್ಷ ಬೇಕು. ಅದಕ್ಕೆ ಜಾಗ ಬಿಡಬೇಕಾದವರು ಹಿತ್ತಲಿನ ಯಜಮಾನರು. ಅವರನ್ನು ಕೇಳಿ. ಈ ವರ್ಷವೇ ಕೇಳಿ.