ಟ್ಯೂನ್ ನಿಮ್ಮದು, ಡ್ರಮ್ಸ್ ಯಾರದ್ದು?

ಪರಿಚಯದ ಹುಡುಗನೊಬ್ಬ ಮನೆಯಲ್ಲೇ ಕೂತು ಮಾಡಿದ ಟ್ರ್ಯಾಕ್ ಕಳಿಸಿದ್ದ. ಈಗಷ್ಟೇ ಕೇಳಿ ಮುಗಿಸಿದೆ. ಟ್ಯೂನ್ ತುಂಬಾ ಚೆನ್ನಾಗಿದೆ. ಬೇಸ್ ಲೈನ್ (ಕೆಳಗಿನ ದಪ್ಪ ಸ್ವರಗಳ ಸಾಲು) ಅಂತೂ ಕೇಳಿದ ಕೂಡಲೇ ತಲೆಯಲ್ಲಿ ಉಳಿದುಬಿಟ್ಟಿತು. ಅಷ್ಟರಲ್ಲಿ ಡ್ರಮ್ಸ್ ಶುರುವಾಯಿತು. ರೆಡಿಮೇಡ್ ಲೂಪ್, ಅಂದರೆ ಬೇರೆ ಯಾರೋ ಮೊದಲೇ ಮಾಡಿಟ್ಟ, ತಿರುಗಿ ತಿರುಗಿ ಬರುವ ತುಣುಕು. ಮೊದಲಿಂದ ಕೊನೆವರೆಗೂ ಅದೇ ಎರಡು ಬಾರ್ (ಇಲ್ಲಿ ನಾಲ್ಕು ಬೀಟ್ ಸೇರಿದರೆ ಒಂದು ಬಾರ್). ಯಾಕಪ್ಪಾ ಹೀಗೆ ಅಂತ ಕೇಳಿದರೆ, "ಅಣ್ಣಾ, ಡ್ರಮ್ಸ್‌ಗೆ ಯಾರು ಅಷ್ಟೊಂದು ಟೈಮ್ ಕೊಡ್ತಾರೆ? ಟೆಂಪೋ ಮ್ಯಾಚ್ ಆಯ್ತು, ಎಳೆದು ಹಾಕಿದೆ" ಅಂದ.

ನನ್ನ ಡ್ರಮ್ ಹುಚ್ಚು ಇಲ್ಲಿರುವ ನಿಮಗೆಲ್ಲ ಗೊತ್ತೇ ಇದೆ. ಹಾಗಾಗಿ ಸಿಟ್ಟು ಎಷ್ಟು ಬಂತು ಅಂತ ಬೇರೆ ಹೇಳಬೇಕಾಗಿಲ್ಲ.

ಟೆಂಪೋ ಮ್ಯಾಚ್ ಆದರೆ ಆಯಿತಾ? ಆ ಲೂಪ್ ಮಾಡಿದವನು ನಿನ್ನ ಟ್ಯೂನ್ ಕೇಳಿಲ್ಲ ಮಾರಾಯಾ. ನಿನ್ನ ಬೇಸ್ ಎಲ್ಲಿ ಒತ್ತುತ್ತದೆ, ಎಲ್ಲಿ ಸುಮ್ಮನಾಗುತ್ತದೆ ಅಂತ ಅವನಿಗೆ ಗೊತ್ತಿಲ್ಲ. ಒಂದು ಬಾರನ್ನು 16 ಸಮಭಾಗ ಮಾಡಿದರೆ ಒಂದೊಂದು ಭಾಗವೂ ಒಂದು ಸ್ಟೆಪ್. ಈ ಹುಡುಗನ ಬೇಸ್ ಏಳನೇ ಸ್ಟೆಪ್‌ನಲ್ಲಿ ಗಟ್ಟಿಯಾಗಿ ಬರುತ್ತದೆ. ಅದೇ ಅದರ ಜೀವ. ಲೂಪ್‌ನ ಕಿಕ್ (ಕಾಲಲ್ಲಿ ಬಾರಿಸುವ ದೊಡ್ಡ ಡ್ರಮ್ಮಿನ ಹೊಡೆತ) ಅಲ್ಲಿ ಇಲ್ಲ, ಎಂಟನೇ ಸ್ಟೆಪ್‌ನಲ್ಲಿ ಬಂದು ಬಡಿಯುತ್ತದೆ. 100 ಹರ್ಟ್ಸ್‌ಗಿಂತ ಕೆಳಗೆ, ಅಂದರೆ ತೀರಾ ತಗ್ಗಿನ ಸದ್ದಿನಲ್ಲಿ, ಕಿಕ್‌ಗೂ ಬೇಸ್‌ಗೂ ಇರುವುದು ಒಂದೇ ಜಾಗ. ಇಬ್ಬರೂ ಅಲ್ಲಿ ಒಬ್ಬರ ಕಾಲನ್ನು ಒಬ್ಬರು ತುಳಿಯುತ್ತಾರೆ. ಆಮೇಲೆ ಮಿಕ್ಸ್ ಕೆಸರಾಗಿದೆ ಅಂತ ಈಕ್ಯೂ (ದಪ್ಪ-ತೆಳು ಸದ್ದುಗಳನ್ನು ಏರಿಳಿಸುವ ನಾಬ್) ತಿರುಗಿಸುತ್ತಾ ಕೂರುವುದು. ಕಿಕ್ಕನ್ನು ಒಂದೇ ಒಂದು ಸ್ಟೆಪ್ ಹಿಂದಕ್ಕೆ ಸರಿಸಿದ್ದರೆ ಮುಗಿಯುತ್ತಿತ್ತು. ಆದರೆ ಲೂಪ್ ಒಂದೇ ಆಡಿಯೋ ಫೈಲ್. ಕಿಕ್ ಒಂದನ್ನೇ ಸರಿಸುವುದು ಹೇಗೆ?

ಸ್ವಂತ ಪ್ಯಾಟರ್ನ್ ಬರೆಯುವುದು ದೊಡ್ಡ ವಿದ್ಯೆ ಅಂತ ಹೆದರಿಸುವವರನ್ನು ನಂಬಬೇಡಿ. ರೋಲ್ಯಾಂಡ್ ಕಂಪನಿಯ ಟಿಆರ್-808 ಡ್ರಮ್ ಮಶೀನ್ ಬಂದಿದ್ದು 1980ರಲ್ಲಿ. ಅದರ ಮುಂದೆ ಸಾಲಾಗಿ 16 ಬಟನ್. ಒಂದು ಬಾರ್‌ಗೆ 16 ಸ್ಟೆಪ್, ಬೇಕಾದ ಕಡೆ ಒತ್ತಿ, ಅಷ್ಟೇ. ಇವತ್ತು ನಿಮ್ಮ ಲ್ಯಾಪ್‌ಟಾಪ್‌ನಲ್ಲಿ, ಫೋನ್‌ನಲ್ಲಿ ಇರುವುದೂ ಅದೇ ಗ್ರಿಡ್. ಹೈಡ್ರೋಜನ್ ಅನ್ನುವ ಸಾಫ್ಟ್‌ವೇರ್ ಪೂರ್ತಿ ಉಚಿತ, ಬರೀ ಡ್ರಮ್ ಪ್ಯಾಟರ್ನ್ ಬರೆಯುವುದಕ್ಕೇ ಮಾಡಿದ್ದು. ಕಿಕ್ಕನ್ನು 1, 5, 9, 13ರಲ್ಲಿ ಇಡಿ. ಸ್ನೇರ್ (ಚಟ್ ಅನ್ನುವ ಡ್ರಮ್) 5 ಮತ್ತು 13ರಲ್ಲಿ. ಹೈ-ಹ್ಯಾಟ್ (ಜೋಡಿ ತಾಳದ ಸದ್ದು) 3, 7, 11, 15ರಲ್ಲಿ. ಕುಣಿಯುವಂಥ ಬೀಟ್ ಆಯಿತು. ಇಲ್ಲಿಂದ ಮುಂದೆ ಟ್ಯೂನ್ ಕೇಳುತ್ತಾ ಒಂದೊಂದೇ ಹೊಡೆತವನ್ನು ಸರಿಸಿ, ತೆಗೆಯಿರಿ, ಸೇರಿಸಿ.

ವೆಲಾಸಿಟಿ ಅಂತ ಒಂದಿದೆ, ಹೊಡೆತ ಎಷ್ಟು ಜೋರು ಅನ್ನುವುದರ ಅಳತೆ. ಮಿಡಿಯಲ್ಲಿ (ಸಂಗೀತದ ಸಾಧನಗಳು ಮಾತಾಡಿಕೊಳ್ಳುವ ಡಿಜಿಟಲ್ ಭಾಷೆ) 1ರಿಂದ 127ರವರೆಗೆ ಹೋಗುತ್ತದೆ. ಎಲ್ಲ ಹೈ-ಹ್ಯಾಟನ್ನೂ 100ರಲ್ಲಿ ಬಿಟ್ಟುಬಿಡುತ್ತಾರೆ! ಒಂದು 100, ಪಕ್ಕದ್ದು 60, ಆಮೇಲೆ 85 ಅಂತ ಇಟ್ಟು ನೋಡಿ. ಎರಡು ದೊಡ್ಡ ಸ್ನೇರ್ ನಡುವೆ 30ರ ಹತ್ತಿರ ಒಂದೆರಡು ಸಣ್ಣ ಹೊಡೆತ ಇಡಿ. ಕಿವಿಗೆ ಬಿದ್ದೂ ಬೀಳದ ಹಾಗಿರುತ್ತವೆ. ತೆಗೆದರೆ ಮಾತ್ರ ಏನೋ ಕಳೆದುಹೋಯಿತು ಅಂತ ತಕ್ಷಣ ಗೊತ್ತಾಗುತ್ತದೆ.

ಇನ್ನು ಸ್ವಿಂಗ್, ಅಂದರೆ ಒಂದು ಬಿಟ್ಟು ಒಂದು ಸ್ಟೆಪ್ಪನ್ನು ಚೂರು ತಡ ಮಾಡುವುದು. ಇದರ ಬಗ್ಗೆ ಮಾತಾಡಲು ಕೂತರೆ ನಾನು ನಿಲ್ಲಿಸುವುದಿಲ್ಲ. 120 ಬಿಪಿಎಂನಲ್ಲಿ (ನಿಮಿಷಕ್ಕೆ 120 ಬೀಟ್) ಒಂದು ಸ್ಟೆಪ್ ಅಂದರೆ 125 ಮಿಲಿಸೆಕೆಂಡ್. ಸ್ವಿಂಗ್ 50 ಪರ್ಸೆಂಟ್ ಇದ್ದರೆ ಎಲ್ಲವೂ ನೆಟ್ಟಗೆ ನಿಂತಿರುತ್ತವೆ. 54 ಮಾಡಿದರೆ 2, 4, 6 ಹೀಗೆ ಸಮಸಂಖ್ಯೆಯ ಸ್ಟೆಪ್‌ಗಳೆಲ್ಲ 10 ಮಿಲಿಸೆಕೆಂಡ್ ತಡವಾಗಿ ಬರುತ್ತವೆ. 58 ಮಾಡಿದರೆ 20. ಅಷ್ಟೇ ಅಷ್ಟು. ಆದರೆ ಕಾಲು ತಾನಾಗಿ ಅಲ್ಲಾಡತೊಡಗುತ್ತದೆ. ರೋಜರ್ ಲಿನ್ 1980ರ ತಮ್ಮ ಎಲ್‌ಎಂ-1 ಡ್ರಮ್ ಮಶೀನ್‌ನಲ್ಲೇ ಇದನ್ನು ಕೊಟ್ಟಿದ್ದರು. ಅವರೇ ವಿನ್ಯಾಸ ಮಾಡಿದ ಅಕಾಯ್ ಎಂಪಿಸಿ60ರಲ್ಲೂ ಇತ್ತು, ಅದು 1988ರಲ್ಲಿ ಬಂತು. ಇಷ್ಟು ವರ್ಷದಿಂದ ಕೈಗೆ ಸಿಗುವ ಹಾಗಿರುವ ಒಂದು ನಾಬ್ ಅದು. ಅದನ್ನು ಮುಟ್ಟದೆ ಬೇರೆಯವರ ಲೂಪ್ ಹುಡುಕುತ್ತಾ ಗಂಟೆಗಟ್ಟಲೆ ಕಳೆಯುತ್ತಾರಲ್ಲ, ಟೈಮ್ ಇಲ್ಲ ಅನ್ನುವವರು ಇವರೇ ಅಲ್ವಾ?

ಯಾರಾದರೂ ಕೆಳಗೆ ಬಂದು ಅಮೆನ್ ಬ್ರೇಕ್ ವಿಷಯ ಎತ್ತುತ್ತೀರಿ, ಗೊತ್ತು. 1969ರಲ್ಲಿ ದಿ ವಿನ್‌ಸ್ಟನ್ಸ್ ತಂಡದ ಡ್ರಮ್ಮರ್ ಗ್ರೆಗರಿ ಕೋಲ್‌ಮನ್ ಬಾರಿಸಿದ ನಾಲ್ಕು ಬಾರ್, ಸುಮಾರು 7 ಸೆಕೆಂಡ್. ಜಂಗಲ್, ಡ್ರಮ್ ಅಂಡ್ ಬೇಸ್ ಅನ್ನುವ ಸಂಗೀತ ಶೈಲಿಗಳೆಲ್ಲ ಅದರ ಮೇಲೇ ಬೆಳೆದವು, ಅದೂ ಲೂಪೇ ತಾನೇ ಅಂತ. ಹೌದು, ಲೂಪೇ. ಆದರೆ ಆ ಜನ ಅದನ್ನು ಎಳೆದು ಹಾಕಿ ಎದ್ದು ಹೋಗಲಿಲ್ಲ. ಒಂದೊಂದು ಹೊಡೆತವಾಗಿ ಕತ್ತರಿಸಿದರು, ವೇಗ ಏರಿಸಿದರು, ಹಿಂದೆ ಮುಂದೆ ಮಾಡಿ ತಮ್ಮ ಬೇಸ್‌ಗೆ ತಕ್ಕಂತೆ ಹೊಸದಾಗಿ ಜೋಡಿಸಿದರು. ಅದು ಪ್ಯಾಟರ್ನ್ ಬರೆಯುವ ಕೆಲಸವೇ. ಇದನ್ನು ತೋರಿಸಿ ಸೋಮಾರಿತನಕ್ಕೆ ಹೆಸರು ಕೊಡಬೇಡಿ.

ನಿಮಗೆ ಹೇಳಿಬಿಡುತ್ತೇನೆ. ಸಂಗೀತ ಕೇಳಿ ನನಗೆ ಕಣ್ಣು ತುಂಬಿ ಬಂದಿರುವುದು ಹೆಚ್ಚಾಗಿ ಡ್ರಮ್ಸ್‌ನಿಂದಲೇ. ಒಂದು ಸ್ನೇರ್ ಕೂದಲೆಳೆಯಷ್ಟು ತಡವಾಗಿ ಬಂದು, ಬೇಸ್ ಬಿಟ್ಟ ಜಾಗದಲ್ಲಿ ಸರಿಯಾಗಿ ಕೂತಾಗ ನನಗೆ ಮಾತು ಹೊರಡುವುದಿಲ್ಲ. ಆ ಜಾಗವನ್ನು ಹುಡುಕುವ ಖುಷಿಯನ್ನೇ ಈ ಹುಡುಗರು ಬಿಟ್ಟುಕೊಡುತ್ತಿದ್ದಾರೆ. ನನ್ನ ಸಿಟ್ಟಿನ ಒಳಗೆ ಇರುವುದು ಆ ಸಂಕಟ.

ಅವನಿಗೆ ಒಂದು ಕೆಲಸ ಕೊಟ್ಟಿದ್ದೇನೆ. ನೀವೂ ಮಾಡಿ. ಲೂಪ್ ಅಳಿಸಿ. ಕಿಕ್, ಸ್ನೇರ್, ಹೈ-ಹ್ಯಾಟ್, ಮೂರೇ ಸದ್ದು ಸಾಕು. ಹೈ-ಹ್ಯಾಟ್ ಹೊಡೆತಗಳನ್ನು ಸಮ ಅಂತರದಲ್ಲಿ ಇಡದೆ, ಆ ಪ್ಯಾಟರ್ನನ್ನು 16ರ ಬದಲು 12 ಸ್ಟೆಪ್‌ಗೆ ತಿರುಗಲು ಬಿಡಿ. ಕಿಕ್ 16ರಲ್ಲೇ ಇರಲಿ. ಎರಡೂ ಮತ್ತೆ ಒಟ್ಟಿಗೆ ಮೊದಲ ಸ್ಟೆಪ್‌ಗೆ ಬರುವುದು 48 ಸ್ಟೆಪ್ ಆದ ಮೇಲೆ, ಅಂದರೆ ಮೂರು ಬಾರ್ ಮುಗಿದ ಮೇಲೆ. ಒಂದು ಹೊಡೆತವನ್ನೂ ಹೊಸದಾಗಿ ಸೇರಿಸದೆ ಮೂರು ಬಾರ್ ಬೇರೆ ಬೇರೆಯಾಗಿ ಕೇಳಿಸುತ್ತವೆ. ಆಮೇಲೆ ನಿಮ್ಮ ಬೇಸ್ ಹಾಕಿಕೊಂಡು ಕಿಕ್ಕನ್ನು ಸರಿಸುತ್ತಾ ಹೋಗಿ. ಆದಾಗ ನನಗೆ ಬರೀ ಡ್ರಮ್ಸ್ ಮತ್ತು ಬೇಸ್ ಕಳಿಸಿ. ಟ್ಯೂನ್ ಬೇಡ. ಎಷ್ಟು ಜನ ಕಳಿಸಿದರೂ ಕೂತು ಪೂರ್ತಿ ಕೇಳುತ್ತೇನೆ.